ದೀರ್ಘಕಾಲದ ಬಳಲಿಕೆ: ಶಕ್ತಿಯ ಮಿತವ್ಯಯ

ದುಡಿದವರಿಗೆ ದಣಿವು ಸಹಜ. ರಾತ್ರಿಯ ನಿದ್ರೆಯಿಂದ ಅದು ನೀಗುತ್ತದೆ. ನಿದ್ರಿಸಿದರೂ ನೀಗದೆ, 6 ತಿಂಗಳಿಗೂ ಮೀರಿ ನಿತ್ಯದ ಕೆಲಸಗಳನ್ನು ಕುಂಠಿತಗೊಳಿಸುವ ಬಳಲಿಕೆಯು ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂಬ ವ್ಯಾಧಿಯಾಗಿರಬಹುದು. ಅನೇಕರಲ್ಲಿ ಇದು ಸೋಂಕುಜ್ವರದ ಬೆನ್ನಿಗೇ ತಲೆದೋರುತ್ತದೆ. ಇದನ್ನು ಖಚಿತವಾಗಿ ತೋರಿಸುವ ರಕ್ತಪರೀಕ್ಷೆಯಿಲ್ಲ. ಆದುದರಿಂದ ರಕ್ತಹೀನತೆ, ಥೈರಾಯ್ಡ್ ದೋಷ, ಮಧುಮೇಹ ಮುಂತಾದವು ಕಾರಣವಲ್ಲವೆಂಬುದನ್ನು ವೈದ್ಯರು ಮೊದಲು ನಿಶ್ಚಯಿಸಬೇಕು.

ಶ್ರಮದ ಪರಿಣಾಮವು ತಡವಾಗಿ ಕಾಣಿಸಿಕೊಳ್ಳುವುದು ಈ ವ್ಯಾಧಿಯ ಮುಖ್ಯ ಲಕ್ಷಣ. ಮೈ ಹಗುರವೆನಿಸಿದ ದಿನ ಬಾಕಿ ಕೆಲಸಗಳನ್ನೆಲ್ಲ ಮುಗಿಸಿದವರು 12ರಿಂದ 48 ಗಂಟೆಗಳ ತರುವಾಯ ಹಾಸಿಗೆ ಹಿಡಿಯುವುದುಂಟು. ಆದುದರಿಂದ ದಣಿದ ಮೇಲಲ್ಲ, ದಣಿಯುವ ಮುನ್ನವೇ ವಿಶ್ರಮಿಸಬೇಕು. ತರಕಾರಿ ಹೆಚ್ಚುವುದು, ಬಟ್ಟೆ ಮಡಿಸುವುದು ಕುಳಿತೇ ಆಗಲಿ. ಲೋಕಲ್ ರೈಲಿನಲ್ಲಿ ನಿಂತು ಪ್ರಯಾಣಿಸುವುದನ್ನೂ, ಬಹಳ ಹೊತ್ತು ಓದುವುದನ್ನೂ ಶ್ರಮವೆಂದೇ ಎಣಿಸಬೇಕು. ದಿನಚರಿ ಬರೆದಿಟ್ಟರೆ ತಮ್ಮ ಮಿತಿ ತಿಳಿದುಬರುತ್ತದೆ.

ವ್ಯಾಯಾಮವನ್ನು ನಿಗದಿತ ಕ್ರಮದಲ್ಲಿ ಹೆಚ್ಚಿಸುತ್ತ ಹೋಗುವ ಚಿಕಿತ್ಸೆಯು ಈ ರೋಗಿಗಳಿಗೆ ಸಲ್ಲದೆಂದು ಬ್ರಿಟನ್ನಿನ ನೈಸ್ ಸಂಸ್ಥೆಯು 2021ರಲ್ಲಿ ಸಾರಿತು. ಪೂರ್ಣ ಗುಣಪಡಿಸುವ ಔಷಧಿ ಇನ್ನೂ ದೊರೆತಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತೇ ಇಲ್ಲಿ ಪಥ್ಯ. ಮನೆಮಂದಿಯು ಇದನ್ನು ಸೋಮಾರಿತನವೆಂದು ಹಳಿಯದೆ, ಕೆಲಸ ಹಂಚಿಕೊಂಡರೆ ರೋಗಿಗೆ ಅರ್ಧ ಭಾರ ಇಳಿದಂತೆ.