ಫ್ಲಶ್ ಟ್ಯಾಂಕಿಯ ಸೋರಿಕೆ: ಮನೆಯಲ್ಲೇ ಪತ್ತೆ, ಮನೆಯಲ್ಲೇ ರಿಪೇರಿ

ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿರುವ ಸಿದ್ಧಕಟ್ಟೆ ಹಾಗೂ ಅದರ ಸುತ್ತಲಿನ ಗ್ರಾಮಗಳಲ್ಲಿ ಮಳೆಗಾಲದಲ್ಲಿ ನೀರಿಗೆ ಕೊರತೆಯಿಲ್ಲ. ಆದರೆ ಮಾರ್ಚ್ ಕಳೆದು ಏಪ್ರಿಲ್ ಬಂತೆಂದರೆ ಅನೇಕ ಬಾವಿಗಳ ತಳ ಕಾಣತೊಡಗುತ್ತದೆ. ಇರುವ ನೀರನ್ನು ಅಡಿಕೆ ತೋಟಕ್ಕೆ ಬಿಡುವುದೋ, ಮನೆ ಖರ್ಚಿಗೆ ಮತ್ತು ಹಟ್ಟಿಗೆ ಉಳಿಸಿಕೊಳ್ಳುವುದೋ ಎಂಬ ಲೆಕ್ಕಾಚಾರ ಆಗ ಪ್ರತಿ ಮನೆಯಲ್ಲೂ ನಡೆಯುತ್ತದೆ. ಇಂತಹ ದಿನಗಳಲ್ಲಿ ಬೆಳಿಗ್ಗೆ ತುಂಬಿಸಿದ ಮೇಲಿನ ಟ್ಯಾಂಕಿ ಸಂಜೆಗೇ ಬರಿದಾದರೆ ಪಂಪನ್ನೋ, ಮನೆಯವರನ್ನೋ ದೂರುವುದು ವಾಡಿಕೆ. ಬಚ್ಚಲಿನ ನಲ್ಲಿ ತೊಟ್ಟಿಕ್ಕಿದರೆ ಎಲ್ಲರಿಗೂ ಕಾಣುತ್ತದೆ. ಶೌಚಾಲಯದ ಫ್ಲಶ್ ಟ್ಯಾಂಕಿ ಸೋರಿದರೆ ನೀರು ಬಟ್ಟಲಿನ ಹಿಂಬದಿಯಿಂದ ಸದ್ದಿಲ್ಲದೆ ಇಳಿದು ಗುಂಡಿಗೆ ಸೇರುವುದರಿಂದ ಯಾರ ಗಮನಕ್ಕೂ ಬರುವುದಿಲ್ಲ.

ಚೆಂಬಿನಲ್ಲಿ ನೀರು ಸುರಿಯುವ ಶೌಚಾಲಯವಿರುವ ಮನೆಗಳಿಗೆ ಈ ತೊಂದರೆಯೇ ಇಲ್ಲ. ಫ್ಲಶ್ ಟ್ಯಾಂಕಿ ಹಾಕಿಸಿಕೊಂಡವರು ಮಾತ್ರ ಈ ಪರೀಕ್ಷೆಯನ್ನು ವರ್ಷಕ್ಕೊಮ್ಮೆ, ಬೇಸಗೆಯ ಮೊದಲೇ ಮಾಡಿಕೊಳ್ಳುವುದು ಒಳ್ಳೆಯದು.

ಮೊದಲು ಟ್ಯಾಂಕಿಯ ಒಳಭಾಗವನ್ನು ತಿಳಿದುಕೊಳ್ಳಬೇಕು. ಮುಚ್ಚಳ ತೆಗೆದರೆ ಮುಖ್ಯವಾಗಿ ಮೂರು ಭಾಗಗಳು ಕಾಣುತ್ತವೆ. ನೀರು ಒಳಬರುವಲ್ಲಿ ತೇಲುಗುಂಡು ಮತ್ತು ಅದರ ಕವಾಟ. ತಳದಲ್ಲಿ ನೀರನ್ನು ಬಟ್ಟಲಿಗೆ ಬಿಡುವ ತಳಕವಾಟ. ನಡುವೆ, ನೀರು ಹೆಚ್ಚಾದರೆ ಹೊರಗೆ ಚೆಲ್ಲದೆ ಬಟ್ಟಲಿಗೇ ಇಳಿದುಹೋಗಲು ಇರುವ ನೆಟ್ಟನೆಯ ಕೊಳವೆ. (ಮುಚ್ಚಳದ ಮೇಲೆ ಒತ್ತುಗುಂಡಿ ಇದ್ದಲ್ಲಿ ಸಾಮಾನ್ಯವಾಗಿ ಅದರ ಸುತ್ತಿನ ಬಳೆಯನ್ನು ಎಡಕ್ಕೆ ತಿರುಗಿಸಿ ಬಿಚ್ಚಿದ ನಂತರವೇ ಮುಚ್ಚಳ ಎತ್ತತಕ್ಕದ್ದು.) ಸೋರಿಕೆ ಬಹುತೇಕ ಎರಡೇ ಕಡೆ ಉಂಟಾಗುತ್ತದೆ. ತೇಲುಗುಂಡಿನ ಕವಾಟ ಮುಚ್ಚದೆ ನೀರು ಏರಿ ಕೊಳವೆಯೊಳಗೆ ಬೀಳುತ್ತದೆ, ಇಲ್ಲವೇ ತಳಕವಾಟ ಸರಿಯಾಗಿ ಕೂರದೆ ನೀರು ಕೆಳಗೆ ಜಾರುತ್ತದೆ. ಯಾವುದೆಂದು ತಿಳಿಯದೆ ಬಿಡಿಭಾಗ ಕೊಂಡು ತಂದರೆ ಹಣ ದಂಡ.

ಪತ್ತೆ ಹಚ್ಚುವ ಕ್ರಮ ಸುಲಭ. ರಾತ್ರಿ ಎಲ್ಲರೂ ಮಲಗುವ ಮುನ್ನ ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಚಮಚದಷ್ಟು ಟ್ಯಾಂಕಿಯ ನೀರಿಗೆ ಕಲಸಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಬಟ್ಟಲಿನ ನೀರು ನೀಲಿಯಾದರೆ ಸೋರಿಕೆ ಇದೆಯೆಂದು ಖಚಿತ. ಅನಂತರ ಟ್ಯಾಂಕಿಗೆ ನೀರು ಬರುವ ಚಿಕ್ಕ ಕಾಕನ್ನು ಮುಚ್ಚಿ, ನೀರಿನ ಮಟ್ಟಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ, ಒಂದು ಗಂಟೆ ಬಿಟ್ಟು ನೋಡಿ. ಮಟ್ಟ ಇಳಿದಿದ್ದರೆ ದೋಷ ತಳಕವಾಟದ್ದು. ಇಳಿಯದೆ ನಿಂತಿದ್ದು, ಕಾಕು ತೆರೆದಾಗ ಮಾತ್ರ ನೀರು ಏರಿ ಕೊಳವೆಗೆ ಬೀಳುತ್ತಿದ್ದರೆ ದೋಷ ತೇಲುಗುಂಡಿನ ಕವಾಟದ್ದು. ಹಳೆಯ ಕಾಕುಗಳು ಅನೇಕ ವೇಳೆ ಪೂರ್ತಿ ಮುಚ್ಚುವುದಿಲ್ಲ. ಆಗ ಟ್ಯಾಂಕಿಯ ಬಾಯಿಗೆ ಅಡ್ಡಲಾಗಿ ಒಂದು ಕೋಲಿಟ್ಟು, ತೇಲುಗುಂಡಿನ ಸರಳನ್ನು ಮೇಲಕ್ಕೆತ್ತಿ ಅದಕ್ಕೆ ಕಟ್ಟಿದರೆ ಸಾಕು.

ನಷ್ಟ ಎಷ್ಟೆಂಬುದನ್ನೂ ಇದೇ ಗುರುತಿನಿಂದ ಲೆಕ್ಕ ಹಾಕಬಹುದು. ಟ್ಯಾಂಕಿಯ ಒಳ ಉದ್ದ ೪೦ ಸೆಂ.ಮೀ., ಅಗಲ ೧೫ ಸೆಂ.ಮೀ. ಇದೆಯೆನ್ನಿ. ೧೦ ನಿಮಿಷದಲ್ಲಿ ೧ ಸೆಂ.ಮೀ. ಇಳಿದರೆ ಹೋದ ನೀರು ೬೦೦ ಮಿ.ಲೀ., ಅಂದರೆ ಗಂಟೆಗೆ ೩.೬ ಲೀಟರ್, ದಿನಕ್ಕೆ ೮೬ ಲೀಟರ್. ಹನಿ ನೀರಾವರಿಯಲ್ಲಿ ಫಲ ಕೊಡುವ ಅಡಿಕೆ ಮರವೊಂದಕ್ಕೆ ಬೇಸಗೆಯಲ್ಲಿ ದಿನಕ್ಕೆ ೧೬ರಿಂದ ೨೦ ಲೀಟರ್ ನೀರನ್ನು ಶಿಫಾರಸು ಮಾಡಲಾಗಿದೆ. ನಮ್ಮದೇ ತಾಲ್ಲೂಕಿನ ವಿಟ್ಲದಲ್ಲಿ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಇರುವುದರಿಂದ ಈ ಅಂಕಿ ಅನೇಕ ಕೃಷಿಕರಿಗೆ ಪರಿಚಿತ. ಕೂದಲೆಳೆಯಷ್ಟು ಕಾಣುವ ಸೋರಿಕೆ ನಾಲ್ಕೈದು ಮರಗಳ ನೀರನ್ನು ದಿನವೂ ಗುಂಡಿಗೆ ಸುರಿಯುತ್ತದೆ. ಆ ನೀರನ್ನು ಬಾವಿಯಿಂದ ಎತ್ತಿದ ವಿದ್ಯುತ್ತಿನ ಖರ್ಚು ಬೇರೆ.

ಗುಂಡಿಯ ವಿಷಯವನ್ನೂ ಮರೆಯಬಾರದು. ದಿನವಿಡೀ ನೀರು ಇಳಿಯುತ್ತಿದ್ದರೆ, ಮಳೆಗಾಲದಲ್ಲಿ ಮೊದಲೇ ನೆನೆದಿರುವ ನೆಲ ಅದನ್ನು ಹೀರಲಾರದೆ ಗುಂಡಿ ಬೇಗ ತುಂಬುತ್ತದೆ. ಮುರಕಲ್ಲಿನ ನೆಲದಲ್ಲಿ ರಂಧ್ರ, ಸೀಳುಗಳು ಹೆಚ್ಚು. ಹೆಚ್ಚಾದ ನೀರು ಹೊಲಸನ್ನೂ ತಳ್ಳಿಕೊಂಡು ಬಾವಿಯ ಕಡೆಗೆ ಸರಿಯುವ ಅಪಾಯವಿದೆ. ಗುಂಡಿ ಖಾಲಿ ಮಾಡಿಸಲು ಸಾವಿರಾರು ರೂಪಾಯಿ ಕೊಡುವ ಮೊದಲು ಟ್ಯಾಂಕಿಯ ಮುಚ್ಚಳ ಎತ್ತಿ ನೋಡಿರಿ.

ಇನ್ನು ರಿಪೇರಿ. ತೇಲುಗುಂಡಿನ ಕವಾಟದ ದೋಷವಾದರೆ ಗುಂಡನ್ನು ಕೈಯಿಂದ ಮೆಲ್ಲನೆ ಮೇಲೆತ್ತಿ. ನೀರು ನಿಂತರೆ ಕವಾಟ ಸರಿಯಿದೆ, ಗುಂಡಿನ ಮಟ್ಟ ಮಾತ್ರ ತಪ್ಪಿದೆ. ಹಿತ್ತಾಳೆಯ ಸರಳಾದರೆ ಸ್ವಲ್ಪ ಕೆಳಕ್ಕೆ ಬಗ್ಗಿಸಿ. ಪ್ಲಾಸ್ಟಿಕ್ಕಿನದಾದರೆ ಅದರ ತಿರುಪನ್ನು ತಿರುಗಿಸಿ. ನೀರು ಕೊಳವೆಯ ಬಾಯಿಗಿಂತ ಒಂದು ಅಂಗುಲ ಕೆಳಗೆ ನಿಲ್ಲಬೇಕು. ಗುಂಡನ್ನು ಬಿಚ್ಚಿ ಅಲುಗಿಸಿದಾಗ ಒಳಗೆ ನೀರಿನ ಸದ್ದಾದರೆ ಅದು ತೂತಾಗಿದೆ, ಬದಲಾಯಿಸಬೇಕು. ಮೇಲೆತ್ತಿದರೂ ನೀರು ನಿಲ್ಲದಿದ್ದರೆ ಒಳಗಿನ ರಬ್ಬರ್ ವಾಷರ್ ಸವೆದಿದೆ ಅಥವಾ ಮರಳಿನ ಕಣ ಸಿಕ್ಕಿದೆ. ಕಾಕು ಮುಚ್ಚಿ, ಕವಾಟದ ಕೀಲು ಕಳಚಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ಎರಡೂ ಬದಿ ಸಮನಾಗಿರುವ ವಾಷರನ್ನು ತಿರುಗಿಸಿ ಹಾಕಿದರೆ ಹೊಸದು ತರುವವರೆಗೆ ಕೆಲಸ ನಡೆಯುತ್ತದೆ.

ತಳಕವಾಟದ ದೋಷಕ್ಕೆ ಸಾಮಾನ್ಯ ಕಾರಣ ಅದರ ರಬ್ಬರ್ ಬಳೆಯ ಮೇಲೆ ಕೂತ ಕೆಸರು. ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಕೆಂಪು ಲೋಳೆ ಬೇಗ ಕಟ್ಟುತ್ತದೆ. ಕಾಕು ಮುಚ್ಚಿ, ಟ್ಯಾಂಕಿ ಖಾಲಿ ಮಾಡಿ, ಕವಾಟದ ಮೇಲ್ಭಾಗವನ್ನು ತಿರುಗಿಸಿ ಎತ್ತಿದರೆ ಬಳೆ ಕೈಗೆ ಸಿಗುತ್ತದೆ. ಅದನ್ನು ತೊಳೆದು, ಅದು ಕೂರುವ ಜಾಗವನ್ನು ಬೆರಳಿಗೆ ಬಟ್ಟೆ ಸುತ್ತಿ ಒರೆಸಿ. ಮರಳು ಕಾಗದದಿಂದ ಉಜ್ಜಬಾರದು. ಗೀರು ಬಿದ್ದರೆ ಮತ್ತೆಂದೂ ಸರಿಯಾಗಿ ಕೂರುವುದಿಲ್ಲ. ಬಳೆ ಗಟ್ಟಿಯಾಗಿದ್ದರೆ, ಬಿರಿದಿದ್ದರೆ ಹೊಸದನ್ನೇ ಹಾಕಿ. ಅಂಗಡಿಗೆ ಹೋಗುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು, ಏಕೆಂದರೆ ಒಂದು ಕಂಪನಿಯದು ಇನ್ನೊಂದಕ್ಕೆ ಕೂರುವುದಿಲ್ಲ. ಸರಪಣಿಯಿಂದ ಎತ್ತುವ ಮುಚ್ಚಳವಾದರೆ ಸರಪಣಿ ಬಿಗಿಯಾಗಿರದೆ ಅರ್ಧ ಅಂಗುಲ ಸಡಿಲ ಇರಲಿ. ಒತ್ತುಗುಂಡಿ ಸಿಕ್ಕಿಹಾಕಿಕೊಂಡು ಮೇಲೇಳದೆ ನೀರು ಹರಿಯುತ್ತಿರುವುದೂ ಉಂಟು. ಮೊದಲು ಅದನ್ನೇ ನೋಡುವುದು ಜಾಣತನ.

ಸೋರಿಕೆಯಿಲ್ಲದೆ ಟ್ಯಾಂಕಿ ತುಂಬಲು ಬಹಳ ಹೊತ್ತು ಹಿಡಿದರೆ ಒಳಬರುವ ರಂಧ್ರದಲ್ಲಿ ಅಥವಾ ಅಲ್ಲಿನ ಜಾಲರಿಯಲ್ಲಿ ಪಾಚಿ, ಮರಳು ಕಟ್ಟಿರುತ್ತದೆ. ಸೂಜಿಯಿಂದ ಬಿಡಿಸಿದರೆ ಸಾಕು. ಮೇಲಿನ ಟ್ಯಾಂಕಿಯನ್ನು ತೊಳೆದ ಮರುದಿನ ಈ ತೊಂದರೆ ಹೆಚ್ಚು.

ಹೊರಗಿನ ಜೋಡಣೆಯಲ್ಲಿ ಹನಿ ಬೀಳುತ್ತಿದ್ದರೆ ನಟ್ಟನ್ನು ಕೈಯಿಂದ ಬಿಗಿದು, ಅನಂತರ ಸ್ಪಾನರಿನಿಂದ ಕಾಲು ಸುತ್ತು ಮಾತ್ರ ತಿರುಗಿಸಿ. ಈ ಲೇಖಕ ಒಮ್ಮೆ ತನ್ನ ಮನೆಯಲ್ಲಿ ಇನ್ನೊಂದು ಸುತ್ತು ಇರಲೆಂದು ಬಿಗಿದು ಪಿಂಗಾಣಿ ಟ್ಯಾಂಕಿಯನ್ನೇ ಸೀಳಿಸಿದ್ದುಂಟು. ಹತ್ತಾರು ರೂಪಾಯಿಯ ವಾಷರಿಗೆ ಬದಲು ಹೊಸ ಟ್ಯಾಂಕಿ ಕೊಳ್ಳಬೇಕಾಯಿತು. ವಾಷರ್ ಇರುವ ಜೋಡಣೆಗೆ ಟೆಫ್ಲಾನ್ ಟೇಪು ಸುತ್ತುವ ಅಗತ್ಯವಿಲ್ಲ, ವಾಷರ್ ಬದಲಾಯಿಸಿದರೆ ಸಾಕು.

ಬಟ್ಟಲು ತೊಳೆಯುವ ಆ್ಯಸಿಡ್ಡನ್ನು ಟ್ಯಾಂಕಿಯೊಳಗೆ ಸುರಿಯುವ ಅಭ್ಯಾಸ ಕೆಲವೆಡೆ ಕಂಡುಬರುತ್ತದೆ. ಇದು ರಬ್ಬರನ್ನೂ ಹಿತ್ತಾಳೆಯನ್ನೂ ತಿನ್ನುತ್ತದೆ. ಟ್ಯಾಂಕಿಯೊಳಗೆ ಹಾಕುವ ಬ್ಲೀಚಿಂಗ್ ಬಿಲ್ಲೆಗಳೂ ರಬ್ಬರನ್ನು ಕೆಡಿಸುತ್ತವೆ. ಕೆಂಪು ಕಲೆಗೆ ಲಿಂಬೆ ರಸ ಅಥವಾ ವಿನೆಗರ್ ಹಚ್ಚಿ ಒಂದು ಗಂಟೆ ಬಿಟ್ಟು ಉಜ್ಜಿದರೆ ಸಾಕಷ್ಟು ಹೋಗುತ್ತದೆ.

ಗುರುತು ಹಾಕಿದ ನೀರು ಸ್ವಲ್ಪ ಇಳಿದು ಒಂದೇ ಮಟ್ಟದಲ್ಲಿ ನಿಂತುಬಿಟ್ಟರೆ ಆ ಎತ್ತರದಲ್ಲಿ ಟ್ಯಾಂಕಿಗೋ ಕೊಳವೆಗೋ ಬಿರುಕು ಇರಬಹುದು. ಟ್ಯಾಂಕಿಯ ಬಿರುಕು, ಮತ್ತು ಗೋಡೆಯೊಳಗೆ ಅಡಗಿಸಿದ ಟ್ಯಾಂಕಿಯ ಕೆಲಸ, ಇವೆರಡಕ್ಕೂ ನುರಿತ ಪ್ಲಂಬರನ್ನೇ ಕರೆಸಬೇಕು. ಅವರು ಬರುವವರೆಗೆ ಕಾಕು ಮುಚ್ಚಿಟ್ಟು, ಬಕೆಟಿನಲ್ಲಿ ನೀರು ಸುರಿಯಿರಿ.