ಮಡಚುವ ಸೈಕಲ್ ಕೊಳ್ಳುವ ಮುನ್ನ ಟೇಪು ಹಿಡಿ

ನೋಡಮ್ಮ, ನೀನು ಮಡಚುವ ಸೈಕಲ್ ತಗೊಳ್ಳಬೇಕು ಅಂತಿದ್ದೀಯ ಎಂದು ನಿನ್ನ ಅಪ್ಪ ಹೇಳಿದ. ಕೇಳಿ ಖುಷಿಯಾಯಿತು. ವಿಜಯನಗರದ ಪೀಜಿಯಿಂದ ವೈಟ್‌ಫೀಲ್ಡಿಗೆ ಮೆಟ್ರೊ ನೇರಳೆ ಮಾರ್ಗದ ಒಂದೇ ರೈಲು ಮುಟ್ಟಿಸುತ್ತದೆ. ಕಷ್ಟ ಇರುವುದೆಲ್ಲ ಸ್ಟೇಷನ್ನಿಂದ ಆಫೀಸಿಗಿರುವ ಆ ಮೂರು ಕಿಲೋಮೀಟರಿನಲ್ಲಿ. ದಿನಾ ಆಟೋದವರ ಹತ್ತಿರ ಚೌಕಾಸಿ ಮಾಡುತ್ತ ಮೊದಲ ಸಂಬಳವನ್ನು ಅಲ್ಲೇ ಸುರಿಯುವುದು ಬೇಡ. ನಿನ್ನ ಯೋಚನೆ ಸರಿ. ಆದರೆ ಅಂಗಡಿಗೆ ಹೋಗುವ ಮೊದಲು ಟೇಪು ಹಿಡಿ.

ನಮ್ಮ ಮೆಟ್ರೊ 2022ರಲ್ಲಿ ಮಡಚುವ ಸೈಕಲ್ಲಿಗೆ ಅವಕಾಶ ಕೊಟ್ಟಾಗ ಇಟ್ಟ ಷರತ್ತುಗಳು ಇವು: ಕೊನೆಯ ಬೋಗಿಗೇ ಹತ್ತಬೇಕು, ತೂಕ 15 ಕೆ.ಜಿ. ದಾಟಬಾರದು, ಮಡಚಿದ ಮೇಲೆ 60×45×25 ಸೆಂ.ಮೀ. ಒಳಗಿರಬೇಕು. ನೀನು ಮನಸ್ಸು ಮಾಡಿರುವ 20 ಇಂಚು ಗಾಲಿಯ ಸೈಕಲ್ ಮಡಚಿದರೂ ಸುಮಾರು 80 ಸೆಂ.ಮೀ. ಉದ್ದ, 60ಕ್ಕೂ ಮೇಲೆ ಎತ್ತರ, 35ರ ಹತ್ತಿರ ದಪ್ಪ ಇರುತ್ತದೆ. ಲಕ್ಷ ರೂಪಾಯಿ ದಾಟುವ, 16 ಇಂಚು ಗಾಲಿಯ ಲಂಡನ್ನಿನ ಬ್ರಾಂಪ್ಟನ್ ಕೂಡ ಆ ಅಳತೆಯನ್ನು ಅಕ್ಷರಶಃ ಹಿಡಿದರೆ ಒಳಗೆ ಬರುವುದಿಲ್ಲ. ಹಾಗಾಗಿ ನೀನು ಹತ್ತುವ ಸ್ಟೇಷನ್ನಿನಲ್ಲೂ ಇಳಿಯುವ ಸ್ಟೇಷನ್ನಿನಲ್ಲೂ ಈಗ ಏನನ್ನು ಬಿಡುತ್ತಾರೆ ಎಂದು ಬಾಯಿಬಿಟ್ಟು ಕೇಳು. ನೀನು ಹೋಗಿ ಬರುವ ಹೊತ್ತಿಗೆ ಬೋಗಿಯಲ್ಲಿ ಕಾಲಿಡಲು ಜಾಗ ಇರುತ್ತದೆಯೇ ಎಂದೂ ನೋಡು. ಎರಡರಲ್ಲಿ ಒಂದು ಕೈಕೊಟ್ಟರೆ ಈ ಸೈಕಲ್ಲೇ ಬೇಡ. ಸೆಕೆಂಡ್ ಹ್ಯಾಂಡ್ ಮಾಮೂಲಿ ಸೈಕಲ್ಲೊಂದನ್ನು ಕೊಂಡು ವೈಟ್‌ಫೀಲ್ಡ್ ಕಡೆಯೇ ಬೀಗ ಹಾಕಿ ಇಟ್ಟುಕೋ. ಕೆಲಸ ಅದೇ, ಖರ್ಚು ಕಾಲು ಭಾಗ.

ಒಳಗೆ ಬಿಡುತ್ತಾರೆ ಎಂದಾದರೆ ಮುಂದಿನದು ತೂಕ. ನಿನ್ನ ಪೀಜಿಯಲ್ಲಿ ಲಿಫ್ಟ್ ಇಲ್ಲ, ರೂಮು ಮೂರನೇ ಮಹಡಿಯಲ್ಲಿ. ಅಂಗಡಿಯಲ್ಲಿ ಓಡಿಸಿ ನೋಡುವುದಕ್ಕಿಂತ ಮೊದಲು ಮಡಚಿ, ಒಂದೇ ಕೈಯಲ್ಲಿ ಎತ್ತಿ, ಅವರ ಮೆಟ್ಟಿಲನ್ನೇ ಹತ್ತಿ ನೋಡು. ಸಂಕೋಚ ಬೇಡ. 12 ಕೆ.ಜಿ.ಗೂ 15 ಕೆ.ಜಿ.ಗೂ ಇರುವ ವ್ಯತ್ಯಾಸ ಎರಡನೇ ಮಹಡಿ ದಾಟುವಾಗ ನಿನ್ನ ತೋಳಿಗೆ ಗೊತ್ತಾಗುತ್ತದೆ.

ಇಪ್ಪತ್ತು ಸಾವಿರದ ಆಸುಪಾಸಿನ ಸೈಕಲ್ಲಿನಲ್ಲಿ ಎಲ್ಲವೂ ಚೆನ್ನಾಗಿರಲು ಸಾಧ್ಯವಿಲ್ಲ. ಎಲ್ಲಿ ರಾಜಿ ಮಾಡಿಕೊಂಡರೂ ಕೀಲುಗಳ ವಿಷಯದಲ್ಲಿ ಮಾಡಿಕೊಳ್ಳಬೇಡ. ಫ್ರೇಮಿನ ನಡುವೆ ಒಂದು, ಹ್ಯಾಂಡಲ್ ಕಂಬದ ಬುಡದಲ್ಲಿ ಒಂದು ಕೀಲಿರುತ್ತದೆ. ನಿನ್ನ ಜೀವ ಆ ಎರಡರ ಮೇಲೆ. ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ತಳ್ಳು. ಹ್ಯಾಂಡಲ್ ಬುಡದಲ್ಲಿ ಬೆರಳಿಟ್ಟುಕೊಂಡಿರು. ಅಲ್ಲಿ ಟಕ್ ಎಂದು ಆಡಿದರೆ ಅದನ್ನು ಬಿಟ್ಟು ಬೇರೆ ನೋಡು. ಲಿವರ್ ಮುಚ್ಚುವಾಗ ಅಂಗೈಗೆ ಸ್ವಲ್ಪ ಬಿಗಿ ತಗುಲಬೇಕು. ಮುಚ್ಚಿದ ಮೇಲೆ ತಾನಾಗಿ ತೆರೆಯದಂತೆ ತಡೆಯುವ ಇನ್ನೊಂದು ಚಿಕ್ಕ ಕೊಂಡಿ ಇರಲೇಬೇಕು. ಸೆಕೆಂಡ್ ಹ್ಯಾಂಡ್ ಆದರೆ ಬಟ್ಟೆಯಿಂದ ಧೂಳು ಒರೆಸಿ, ವೆಲ್ಡಿಂಗ್ ಸುತ್ತ ಬಣ್ಣದಲ್ಲಿ ಕೂದಲೆಳೆಯಷ್ಟು ಬಿರುಕಿದೆಯೇ ಎಂದು ಟಾರ್ಚ್ ಬಿಟ್ಟು ನೋಡು. ಬಿರುಕು ಕಂಡರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಗೇರಿನ ಲೆಕ್ಕ ಹೇಳಿ ಮರುಳು ಮಾಡುತ್ತಾರೆ. 21 ಗೇರು ನಿನಗೆ ಯಾಕೆ? ಹಿಂದೆ ಆರೋ ಏಳೋ ಇದ್ದರೆ ಫ್ಲೈಓವರ್ ಏರಿಗೂ ಸಾಕು. ಮುಂದೆಯೂ ಗೇರು ಇದ್ದರೆ ಮಡಚುವಾಗ ಸಿಕ್ಕಿಕೊಳ್ಳುವ ತಂತಿ ಒಂದು ಹೆಚ್ಚು, ಅಷ್ಟೆ. ಗಾಲಿ ಚಿಕ್ಕದು, ಎಷ್ಟು ತುಳಿದರೂ ಮುಂದೆ ಹೋಗದು ಎನ್ನುವವರ ಮಾತನ್ನು ನಂಬಬೇಡ. ಮುಂದಿನ ಚೈನ್ ಚಕ್ರಕ್ಕೆ 46 ಹಲ್ಲು, ಹಿಂದಿನದಕ್ಕೆ 16 ಹಲ್ಲಿದ್ದರೆ ಪೆಡಲ್ ಒಂದು ಸುತ್ತು ಬರುವಷ್ಟರಲ್ಲಿ ಗಾಲಿ ಹೆಚ್ಚುಕಡಿಮೆ ಮೂರು ಸುತ್ತು ತಿರುಗಿರುತ್ತದೆ, ನೀನು 4.4 ಮೀಟರ್ ಮುಂದೆ ಹೋಗಿರುತ್ತೀಯ.

ಚಿಕ್ಕ ಗಾಲಿಯ ನಿಜವಾದ ತೊಂದರೆ ಗುಂಡಿ. ದೊಡ್ಡ ಗಾಲಿ ದಾಟಿ ಹೋಗುವ ಗುಂಡಿಯಲ್ಲಿ ಇದು ಇಳಿದುಬಿಡುತ್ತದೆ. ಅದಕ್ಕೇ 1.75 ಇಂಚಿಗಿಂತ ಸಪೂರವಾದ ಟೈರು ಬೇಡ. ಟೈರಿನ ಪಕ್ಕದಲ್ಲಿ 406 ಎಂಬ ಸಂಖ್ಯೆ ಇದೆಯೇ ನೋಡು. 20 ಇಂಚು ಎಂದೇ ಮಾರುವ 451 ಎಂಬ ಇನ್ನೊಂದು ಅಳತೆ ಉಂಟು. ಅದರ ಟೈರು ಹುಡುಕಿಕೊಂಡು ಅಲೆಯಬೇಕಾಗುತ್ತದೆ. 406 ಆದರೆ ಮಕ್ಕಳ ಸೈಕಲ್ಲಿನ ಟ್ಯೂಬೇ ಆಗುತ್ತದೆ, ಊರಿಗೆ ಬಂದಾಗ ಶಿರಸಿ ಪೇಟೆಯಲ್ಲೂ ಸಿಗುತ್ತದೆ. ಬ್ರೇಕೂ ಹಾಗೆಯೇ: ರಿಮ್ಮನ್ನು ಹಿಡಿಯುವ ರಬ್ಬರಿನದಾದರೆ ಯಾವ ಪಂಕ್ಚರ್ ಅಂಗಡಿಯವನೂ ಸರಿಮಾಡಿ ಕೊಡುತ್ತಾನೆ. ಡಿಸ್ಕ್ ಬ್ರೇಕಿನ ತಟ್ಟೆ ಬಸ್ಸಿನ ಸಾಮಾನಿನ ಡಿಕ್ಕಿಯಲ್ಲಿ ಬಾಗಿದರೆ ಊರಲ್ಲಿ ಕಷ್ಟ.

ಡಿಕ್ಕಿ ಎಂದಾಗ ನೆನಪಾಯಿತು. ಹಬ್ಬಕ್ಕೆ ರಾತ್ರಿ ಬಸ್ಸಿನಲ್ಲಿ ಊರಿಗೆ ತರುವಾಗ ಹಳೇ ಬೆಡ್‌ಶೀಟು ಸುತ್ತಿ, ಚೈನಿರುವ ಬಲಮಗ್ಗುಲು ಮೇಲೆ ಬರುವ ಹಾಗೆ ನೀನೇ ಮಲಗಿಸು. ಕ್ಲೀನರ್ ಕೈಗೆ ಬಿಡಬೇಡ, ಗೇರು ಬಾಗಿ ಹೋಗುತ್ತದೆ. ವಿಮಾನದ ಆಸೆ ಸದ್ಯಕ್ಕೆ ಬೇಡ. ದೇಶದೊಳಗೆ ಸಾಮಾನ್ಯವಾಗಿ ಬಿಡುವ 15 ಕೆ.ಜಿ.ಯನ್ನು ಸೈಕಲ್ಲೊಂದೇ ನುಂಗುತ್ತದೆ.

ಹೆಲ್ಮೆಟ್ಟಿಗೂ ಹಿಂದಿನ ಕೆಂಪು ದೀಪಕ್ಕೂ ಮೊದಲೇ ದುಡ್ಡು ತೆಗೆದಿಡು. ಕೊಂಡು ತಿಂಗಳಾಗುತ್ತಲೇ ಕೀಲಿನ ಬೋಲ್ಟುಗಳನ್ನು ಒಮ್ಮೆ ಬಿಗಿ ಮಾಡಿಸು, ಹೊಸದರಲ್ಲಿ ಅವು ಸಡಿಲಾಗುತ್ತವೆ. ಅಡ್ವಾನ್ಸ್ ಕೊಡುವ ಮೊದಲು ಒಂದು ಫೋನ್ ಮಾಡು, ಭಾನುವಾರವಾದರೆ ಅಂಗಡಿಗೆ ನಾನೂ ಬರುತ್ತೇನೆ.