ಸೆಲ್ಲಿನ ಅಂಕಿ ಓದಿ, ಆಮೇಲೆ ಕೊಳ್ಳಿ

ವಿಜಯನಗರ ಜಿಲ್ಲೆ. ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿ. ಸಂಜೆ ಏಳು ಗಂಟೆ. ಶಾಲೆಯ ಕೋಣೆಯಲ್ಲಿ ದೀಪ ಉರಿಯುತ್ತಿದೆ. ಹೊಲದಿಂದ ಬಂದವರು ಕೈಕಾಲು ತೊಳೆದು ಓದಲು ಕುಳಿತಿದ್ದಾರೆ. ಕಲಿಸುವವರು ಹಡಗಲಿ ಕಡೆಯಿಂದ ಈ ಊರಿಗೆ ಸೊಸೆಯಾಗಿ ಬಂದವರು. ಎಲ್ಲರೂ ಅವರನ್ನು ಅಕ್ಕೋರೆ ಎಂದು ಕರೆಯುತ್ತಾರೆ.

ಅಂದು ಒಬ್ಬ ಅವ್ವ ಚೀಲದಿಂದ ಪುಸ್ತಕ ತೆಗೆಯಲಿಲ್ಲ. ಒಂದು ಬ್ಯಾಟರಿ ತೆಗೆದಳು. ಜೊತೆಗೆ ಎರಡು ಸೆಲ್ಲು ತೆಗೆದಳು. ಅವಳ ಮುಖ ಬಾಡಿತ್ತು.

"ಯಾಕ್ ಯವ್ವಾ, ಏನಾತು?" ಎಂದರು ಅಕ್ಕೋರು.

"ಏನ್ ಹೇಳ್ಲಿ ಅಕ್ಕೋರೆ. ಮೊನ್ನೆ ರಾತ್ರಿ ಎರಡು ಗಂಟೆಗೆ ಕರೆಂಟ್ ಬಂತು. ನಮ್ಮ ಯಜಮಾನ್ರು ಮೋಟಾರ್ ಹಾಕಾಕೆ ಶೇಂಗಾ ಹೊಲಕ್ಕೆ ಹೋದ್ರು. ಅರ್ಧ ದಾರಿಗೆ ಬ್ಯಾಟ್ರಿ ಆರಿ ಹೋತು. ಕತ್ತಲಾಗೆ ಕಾಲ ಬುಡದಾಗೆ ಬುಸ್ ಅಂತು. ಅಲ್ಲೇ ನಿಂತ್ಬಿಟ್ರು. ಮೊಬೈಲ್ ಬೆಳಕು ಬಿಟ್ಟು ನೋಡಿದ್ರೆ ಮಂಡಲದ ಹಾವು! ಮಾರು ದೂರಾನೂ ಇದ್ದಿಲ್ಲ. ಪುಣ್ಯಕ್ಕೆ ಉಳಕೊಂಡ್ರು."

"ಸೆಲ್ಲು ಹಳೇದಿತ್ತಾ?"

"ಇಲ್ರಿ, ಹೊಸದು. ಸಂತ್ಯಾಗೆ ತಂದು ಎಂಟು ದಿನ ಆಗಿಲ್ಲ. ಮ್ಯಾಲೆ 9900 ಅಂತ ಬರದಾರೆ. ದೊಡ್ಡ ಅಂಕಿ ಐತೆ, ಭಾಳ ಹೊತ್ತು ಬರ್ತೈತೆ ಅಂದ್ರು. ನಿನ್ನೆ ಇನ್ನೊಂದು ತರಿಸಿದೆ. ಅದು ಬ್ಯಾಟ್ರಿ ಒಳಗೇ ಹೋಗವಲ್ದು."

ಅಕ್ಕೋರು ಎರಡೂ ಸೆಲ್ಲುಗಳನ್ನು ಕೈಗೆ ತೆಗೆದುಕೊಂಡರು. ತಿರುಗಿಸಿ ನೋಡಿದರು. "ಇವತ್ತು ಪುಸ್ತಕ ಬೇಡ. ಸೆಲ್ಲು ಓದೋಣ" ಎಂದರು.

ಸೆಲ್ಲು ಎಂದರೆ ಯಾವುದು?

ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಅಂತೀವಿ. ಒಳಗೆ ಹಾಕುವುದಕ್ಕೆ ಸೆಲ್ಲು ಅಂತೀವಿ. ಈ ಪಾಠದಲ್ಲೂ ಹಾಗೆಯೇ ಹೇಳಿದೆ.

ಹಿಂದೆ ಎಲ್ಲರ ಮನೆಯಲ್ಲೂ ಎರಡು ಸೆಲ್ಲಿನ, ಮೂರು ಸೆಲ್ಲಿನ ಬ್ಯಾಟರಿ ಇತ್ತು. ಅದಕ್ಕೆ ದಪ್ಪ ಸೆಲ್ಲು ಬೇಕು. ಮುಗಿದರೆ ಎಸೆಯಬೇಕು. ಈಗ ಚಾರ್ಜ್ ಮಾಡುವ ಸೆಲ್ಲು ಬಂದಿದೆ. ಅದರ ಹೆಸರು ಲಿಥಿಯಂ ಅಯಾನ್ ಸೆಲ್ಲು. ಮೊಬೈಲಿನ ಒಳಗೆ ಇರುವುದೂ ಇದೇ ಜಾತಿಯದು. 1991ರಲ್ಲಿ ಜಪಾನಿನ ಸೋನಿ ಕಂಪನಿ ಇದನ್ನು ಮೊದಲು ಮಾರಾಟಕ್ಕೆ ತಂದಿತು. ಈ ಸೆಲ್ಲನ್ನು ರೂಪಿಸಿದ್ದಕ್ಕೆ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಬಹುಮಾನ ಬಂತು. ಅವರು ಜಾನ್ ಗುಡ್‌ಇನಫ್, ಸ್ಟಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ.

ಸೆಲ್ಲು ಒಳ್ಳೆಯದೇ. ಆದರೆ ಸರಿಯಾದದ್ದನ್ನು ಆರಿಸಬೇಕು. ಆರಿಸಲು ಅಂಕಿ ಓದಬೇಕು.

ಅಂಕಿ ಒಡೆದು ಓದಿ

ಅಕ್ಕೋರು ಮೊದಲ ಸೆಲ್ಲನ್ನು ಅವ್ವನ ಕೈಗೆ ಕೊಟ್ಟರು. "ಏನು ಬರದೈತೆ, ಓದವ್ವಾ."

ಅವ್ವ ಬೆರಳಿಟ್ಟು ಓದಿದಳು. "ಹದಿನೆಂಟು ಸಾವಿರದ ಆರುನೂರ ಐವತ್ತು."

"ಸರಿಯಾಗಿ ಓದಿದೆ. ಆದ್ರೆ ಇದು ರೂಪಾಯಿ ಲೆಕ್ಕ ಅಲ್ಲ. ಒಡೆದು ಓದಬೇಕು." ಅಕ್ಕೋರು ಹಲಗೆಯ ಮೇಲೆ ಬರೆದರು:

18 – 65 – 0

ಮೊದಲ ಎರಡು ಅಂಕಿ ಸೆಲ್ಲಿನ ದಪ್ಪ. 18 ಮಿಲಿಮೀಟರ್.
ನಡುವಿನ ಎರಡು ಅಂಕಿ ಸೆಲ್ಲಿನ ಉದ್ದ. 65 ಮಿಲಿಮೀಟರ್.
ಕೊನೆಯ ಸೊನ್ನೆ ಎಂದರೆ ಸೆಲ್ಲು ಕೊಳವೆಯಂತೆ ದುಂಡಗಿದೆ.

ಮಿಲಿಮೀಟರ್ ಎಂದರೆ ಮಕ್ಕಳ ಅಳತೆಪಟ್ಟಿಯ ಸಣ್ಣ ಗೆರೆ. ಹತ್ತು ಸಣ್ಣ ಗೆರೆ ಸೇರಿದರೆ ಒಂದು ಸೆಂಟಿಮೀಟರ್. ಪಟ್ಟಿಯ ಮೇಲೆ ಸೆಲ್ಲು ಇಟ್ಟು ನೋಡಿದರು. ಆರೂವರೆ ಸೆಂಟಿಮೀಟರ್ ಬಂತು. ಸರಿಯಾಯಿತು!

ಈಗ ಎರಡನೆಯ ಸೆಲ್ಲು. ಅದರ ಮೇಲೆ 21700 ಎಂದಿತ್ತು. ಅವ್ವ ತಾನೇ ಒಡೆದು ಓದಿದಳು. "ದಪ್ಪ 21. ಉದ್ದ 70. ಅಯ್ಯ, ಇದು ದಪ್ಪಾನೂ ಹೆಚ್ಚು, ಉದ್ದಾನೂ ಹೆಚ್ಚು. 18ರ ಕೊಳವಿಗೆ ಹೆಂಗ ಹೋದೀತು?"

ಎಲ್ಲರೂ ನಕ್ಕರು. ಅವ್ವನೂ ನಕ್ಕಳು.

ಅಂಗಡಿಯಲ್ಲಿ ಸಿಗುವ ಅಳತೆಗಳು ಇವು:

14500 – ದಪ್ಪ 14, ಉದ್ದ 50. ಗೋಡೆ ಗಡಿಯಾರದ ಪೆನ್ಸಿಲ್ ಸೆಲ್ಲಿನಷ್ಟು.
16340 – ದಪ್ಪ 16, ಉದ್ದ 34. ಗಿಡ್ಡ ಸೆಲ್ಲು.
18650 – ದಪ್ಪ 18, ಉದ್ದ 65. ಎಲ್ಲ ಕಡೆ ಸಿಗುವಂಥದ್ದು.
21700 – ದಪ್ಪ 21, ಉದ್ದ 70.
26650 – ದಪ್ಪ 26, ಉದ್ದ 65. ಗಿಡ್ಡ, ದಪ್ಪ.

ಕೆಲವು ಸೆಲ್ಲುಗಳ ತುದಿಯಲ್ಲಿ ಕಾಪಾಡುವ ಒಂದು ಸಣ್ಣ ಬಿಲ್ಲೆ ಇರುತ್ತದೆ. ಸೆಲ್ಲು ಪೂರ್ತಿ ಬರಿದಾಗದಂತೆ, ಮಿತಿ ಮೀರಿ ತುಂಬದಂತೆ ಅದು ತಡೆಯುತ್ತದೆ. ಇಂಥ ಸೆಲ್ಲು ಎರಡರಿಂದ ಐದು ಮಿಲಿಮೀಟರ್ ಉದ್ದ ಹೆಚ್ಚಿರುತ್ತದೆ. ಹಾಗಾಗಿ ಅಂಗಡಿಗೆ ಹೋಗುವಾಗ ಬ್ಯಾಟರಿಯನ್ನೂ ಒಯ್ಯಿರಿ. ಅಲ್ಲೇ ಹಾಕಿ, ಮುಚ್ಚಳ ತಿರುಗಿಸಿ ನೋಡಿರಿ.

ಒಳಗೆ ಹೋದರೆ ಸಾಲದು

ಮೂಲೆಯಲ್ಲಿದ್ದ ಅಜ್ಜ ಕೇಳಿದರು: "ತಂಗೀ, ನಂದು ಹಳೇ ಎರಡು ಸೆಲ್ಲಿನ ಬ್ಯಾಟ್ರಿ. ಅದಕ್ಕೂ ಈ ಹೊಸ ಸೆಲ್ಲು ಹಾಕಬಹುದಾ?"

"ಬೇಡ ಅಜ್ಜಾ. ಸುಟ್ಟು ಹೋಗ್ತೈತೆ."

ಯಾಕೆ? ಹಳೆಯ ಒಂದು ಸೆಲ್ಲಿನ ಶಕ್ತಿಯ ಒತ್ತಡ 1.5 ವೋಲ್ಟ್. ಎರಡು ಸೇರಿದರೆ 3 ವೋಲ್ಟ್. ಲಿಥಿಯಂ ಸೆಲ್ಲು ಒಂದೇ 3.7 ವೋಲ್ಟ್ ಕೊಡುತ್ತದೆ. ಪೂರ್ತಿ ತುಂಬಿದಾಗ 4.2 ವೋಲ್ಟ್ ಇರುತ್ತದೆ. ಎರಡು ಹಾಕಿದರೆ ಎಂಟು ವೋಲ್ಟ್ ದಾಟುತ್ತದೆ. ಮೂರಕ್ಕೆ ಮಾಡಿದ ಬಲ್ಬು ಎಂಟನ್ನು ತಡೆಯುವುದಿಲ್ಲ.

14500 ಸೆಲ್ಲು ಪೆನ್ಸಿಲ್ ಸೆಲ್ಲಿನಂತೆಯೇ ಕಾಣುತ್ತದೆ. ಗಡಿಯಾರದೊಳಗೆ ಸರಿಯಾಗಿ ಕೂರುತ್ತದೆ. ಆದರೆ ಹಾಕಬಾರದು. ಅಳತೆ ಒಂದೇ, ವೋಲ್ಟ್ ಬೇರೆ.

ಇನ್ನೂ ಒಂದು ಮಾತು. ಕೆಲವು ಸೋಲಾರ್ ದೀಪಗಳ ಸೆಲ್ಲಿನ ಮೇಲೆ 3.2 ವೋಲ್ಟ್ ಎಂದಿರುತ್ತದೆ. ಅದೂ ಲಿಥಿಯಂ ಸೆಲ್ಲೇ. ಆದರೆ ಅದರ ಚಾರ್ಜರ್ ಬೇರೆ. ಚಾರ್ಜ್ ಮಾಡುವ ಕೆಲವು ಬ್ಯಾಟರಿಗಳಲ್ಲಿ 4 ವೋಲ್ಟಿನ ಸೀಸದ ಡಬ್ಬಿ ಇರುತ್ತದೆ. ಅದರ ಜಾಗಕ್ಕೂ ಲಿಥಿಯಂ ಸೆಲ್ಲು ಹಾಕಬಾರದು. ಮೊದಲು ಏನಿತ್ತೋ ಅದನ್ನೇ ಹಾಕಬೇಕು.

ಕೊಡದಲ್ಲಿ ಎಷ್ಟು ನೀರು?

ಸೆಲ್ಲಿನ ಮೇಲೆ ಇನ್ನೊಂದು ಅಂಕಿ ಇರುತ್ತದೆ. ಅದರ ಮುಂದೆ ಇಂಗ್ಲಿಷಿನಲ್ಲಿ ಎಂ, ಎ, ಎಚ್ ಎಂಬ ಮೂರು ಅಕ್ಷರ ಇರುತ್ತವೆ. ಅದು ಸೆಲ್ಲು ಎಷ್ಟು ಹಿಡಿಯುತ್ತದೆ ಎಂಬ ಲೆಕ್ಕ. ಸೆಲ್ಲು ಒಂದು ಕೊಡ ಎಂದುಕೊಳ್ಳಿ. ಈ ಅಂಕಿ ಕೊಡದ ನೀರು.

ಲೆಕ್ಕ ಸುಲಭ. ನಿಮ್ಮ ಸೆಲ್ಲು 3000 ಎಂಎಎಚ್ ಹಿಡಿಯುತ್ತದೆ. ಬ್ಯಾಟರಿ ಒಂದು ತಾಸಿಗೆ 500 ಬಳಸುತ್ತದೆ. 3000ವನ್ನು 500ರಿಂದ ಭಾಗಿಸಿ. 6 ಬರುತ್ತದೆ. ಸುಮಾರು ಆರು ತಾಸು ಬೆಳಕು. ಬೆಳಕು ಜೋರು ಮಾಡಿದರೆ 1000 ಬಳಸುತ್ತದೆ. ಆಗ ಮೂರೇ ತಾಸು.

"ಹಂಗಾದ್ರೆ 9900 ಒಳ್ಳೇದಲ್ವಾ?" ಎಂದಳು ಅವ್ವ.

"ಎರಡು ಕೊಡ ನೀರು ಒಂದು ತಂಬಿಗೆಗೆ ಹಿಡೀತೈತಾ?"

"ಎಲ್ಲಿ ಹಿಡೀತೈತೆ!"

"ಇದೂ ಹಂಗೇ."

18650 ಅಳತೆಯ ಒಳ್ಳೆಯ ಸೆಲ್ಲು ಸಾಮಾನ್ಯವಾಗಿ 2000ದಿಂದ 3500 ಎಂಎಎಚ್ ಹಿಡಿಯುತ್ತದೆ. 9900 ಹಿಡಿಯುವುದೇ ಇಲ್ಲ. ಹಾಗೆ ಬರೆದಿದ್ದರೆ ಅದು ಸುಳ್ಳು. 14500 ಸೆಲ್ಲು ಸುಮಾರು 800ರಿಂದ 1000 ಹಿಡಿಯುತ್ತದೆ. 21700 ಮತ್ತು 26650 ಸೆಲ್ಲುಗಳು 5000ದ ಆಸುಪಾಸು.

ಸುಳ್ಳನ್ನು ಹಿಡಿಯಲು ತಕ್ಕಡಿ ಸಾಕು. ಒಳ್ಳೆಯ 18650 ಸೆಲ್ಲು 45ರಿಂದ 50 ಗ್ರಾಂ ತೂಗುತ್ತದೆ. 30 ಗ್ರಾಂ ತೂಗಿದರೆ ಒಳಗೆ ಸರಕು ಕಡಿಮೆ ಇದೆ. ತೂಕ ಸರಿ ಇದ್ದ ಮಾತ್ರಕ್ಕೆ ನಂಬಬೇಡಿ. ಮೇಲೆ ಬಿಐಎಸ್ ಗುರುತು ಇದೆಯೇ ನೋಡಿ. ಐಎಸ್ 16046 ಎಂಬ ಸಂಖ್ಯೆ ಇರಬೇಕು. ಇಂಗ್ಲಿಷಿನ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ.

ಯಾವ ಕೆಲಸಕ್ಕೆ ಯಾವ ಸೆಲ್ಲು?

ಈಗ ಒಬ್ಬೊಬ್ಬರೂ ಮಾತಾಡಿದರು.

"ನಮ್ಮ ತವರಲ್ಲಿ ಮಲ್ಲಿಗೆ ತೋಟ ಐತೆ" ಎಂದರು ಅಕ್ಕೋರು. ಹಡಗಲಿ ಮಲ್ಲಿಗೆಯ ಮೊಗ್ಗನ್ನು ನಸುಕಿನಲ್ಲೇ ಬಿಡಿಸಬೇಕು. ಎರಡೂ ಕೈ ಖಾಲಿ ಇರಬೇಕು. ಅದಕ್ಕೆ ತಲೆಗೆ ಕಟ್ಟುವ ಬ್ಯಾಟರಿ ಬೇಕು. ಅದು ಹಗುರ ಇರಬೇಕು. 14500 ಅಥವಾ ಒಂದೇ 18650 ಸೆಲ್ಲಿನದು ಸಾಕು.

ಅಜ್ಜ ಕೊಟ್ಟೂರೇಶ್ವರ ತೇರಿಗೆ ನಡೆದು ಹೋಗುವವರು. ರಾತ್ರಿಯೂ ನಡೆಯಬೇಕು. ಅವರಿಗೆ 18650 ಸೆಲ್ಲಿನ ಸಣ್ಣ ಬ್ಯಾಟರಿ ಒಳ್ಳೆಯದು. ಜೊತೆಗೆ ತುಂಬಿದ ಇನ್ನೊಂದು ಸೆಲ್ಲು ಪ್ಲಾಸ್ಟಿಕ್ ಡಬ್ಬಿಯಲ್ಲಿ ಇರಲಿ.

ಒಬ್ಬರ ಅಳಿಯ ಹರಪನಹಳ್ಳಿ ಕಡೆಯವನು. ಮೆಕ್ಕೆಜೋಳಕ್ಕೆ ಹಂದಿ ಬೀಳದಂತೆ ರಾತ್ರಿಯೆಲ್ಲ ಕಾಯುತ್ತಾನೆ. ಅವನಿಗೆ ಹೆಚ್ಚು ಹೊತ್ತು ಬೆಳಕು ಬೇಕು. 21700 ಅಥವಾ 26650 ಸೆಲ್ಲಿನ ಬ್ಯಾಟರಿ ಆಗಬಹುದು. ತೂಕ ಸ್ವಲ್ಪ ಹೆಚ್ಚು.

ಇನ್ನೊಬ್ಬರ ಅಣ್ಣ ಹಗರಿಬೊಮ್ಮನಹಳ್ಳಿ ಕಡೆ. ತುಂಗಭದ್ರಾ ಹಿನ್ನೀರಿನಲ್ಲಿ ಮೀನು ಹಿಡಿಯುತ್ತಾನೆ. ಅವನು ಸೆಲ್ಲಿನ ಜೊತೆಗೆ ಮುಚ್ಚಳವನ್ನೂ ನೋಡಬೇಕು. ಮುಚ್ಚಳದಲ್ಲಿ ರಬ್ಬರ್ ಬಳೆ ಇರಬೇಕು. ನೀರು ಒಳಗೆ ಹೋದರೆ ಸೆಲ್ಲು ಕೆಡುತ್ತದೆ.

ಇನ್ನು ನಮ್ಮ ಕೂಡ್ಲಿಗಿ. ಗುಡೇಕೋಟೆ ಕಡೆ ಕರಡಿಧಾಮ ಇದೆ. ಗುಡ್ಡದಂಚಿನ ಹೊಲಗಳಿಗೆ ಕರಡಿ ಬರುತ್ತದೆ. ಹಾವು ಎಲ್ಲೆಡೆ ಇದೆ. ದೂರಕ್ಕೂ ಬೆಳಕು ಬೇಕು, ಕಾಲ ಬುಡಕ್ಕೂ ಬೇಕು. 18650 ಅಥವಾ 21700 ಸೆಲ್ಲು ಸರಿ. ಮೊಬೈಲ್ ಬೆಳಕು ದೂರ ಹೋಗುವುದಿಲ್ಲ. ಅದರ ಚಾರ್ಜ್ ಮುಗಿದರೆ ಯಾರನ್ನೂ ಕರೆಯಲೂ ಆಗುವುದಿಲ್ಲ.

ಹಾವು ಕಚ್ಚಿದರೆ ಕಟ್ಟಬೇಡಿ, ಕೊಯ್ಯಬೇಡಿ. ಮಂತ್ರ ಹಾಕಿಸುತ್ತಾ ಕೂರಬೇಡಿ. ಕೂಡಲೇ ಸರಕಾರಿ ಆಸ್ಪತ್ರೆಗೆ ಹೋಗಿ. 2024ರಲ್ಲಿ ಕರ್ನಾಟಕ ಸರಕಾರ ಒಂದು ಆದೇಶ ಮಾಡಿದೆ. ಹಾವು ಕಚ್ಚಿದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಯವರು ವರದಿ ಮಾಡಬೇಕು.

ಜೋಪಾನ

ಲಿಥಿಯಂ ಸೆಲ್ಲಿನೊಳಗೆ ಬೆಂಕಿ ಹತ್ತುವ ವಸ್ತು ಇದೆ. ಅದಕ್ಕೆ ಈ ಮಾತು ಮರೆಯಬೇಡಿ.

ಲಿಥಿಯಂ ಸೆಲ್ಲಿನ ಚಾರ್ಜರಿನಲ್ಲೇ ಚಾರ್ಜ್ ಮಾಡಿ. ತುಂಬಿದ ಮೇಲೆ ತೆಗೆಯಿರಿ.
ಹಾಸಿಗೆ, ಕೌದಿಯ ಮೇಲೆ ಇಟ್ಟು ಚಾರ್ಜ್ ಮಾಡಬೇಡಿ. ಮಲಗುವಾಗ ಹಚ್ಚಿ ಬಿಡಬೇಡಿ.
ಬಿಸಿಲಿನಲ್ಲಿ, ತಗಡಿನ ಕೆಳಗೆ, ಬೈಕಿನ ಡಬ್ಬಿಯಲ್ಲಿ ಇಡಬೇಡಿ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. 45 ಡಿಗ್ರಿ ದಾಟಿದ ಬಿಸಿಯಲ್ಲಿ ಚಾರ್ಜ್ ಮಾಡಬಾರದು.
ಬರೀ ಸೆಲ್ಲನ್ನು ಜೇಬಿನಲ್ಲಿ ಚಿಲ್ಲರೆ, ಬೀಗದ ಕೈ ಜೊತೆ ಹಾಕಬೇಡಿ.
ಎರಡು ಸೆಲ್ಲಿನ ಬ್ಯಾಟರಿಗೆ ಹೊಸದೊಂದು, ಹಳೆಯದೊಂದು ಹಾಕಬೇಡಿ.
ಮೇಲಿನ ಹೊದಿಕೆ ಹರಿದಿದ್ದರೆ, ಸೆಲ್ಲು ಉಬ್ಬಿದ್ದರೆ ಬಳಸಬೇಡಿ.
ಹಳೆಯ ಸೆಲ್ಲನ್ನು ಒಲೆಗೆ, ತಿಪ್ಪೆಗೆ ಹಾಕಬೇಡಿ. ಕೆಟ್ಟ ಸೆಲ್ಲುಗಳನ್ನು ವಾಪಸ್ ಸಂಗ್ರಹಿಸುವ ಹೊಣೆ ತಯಾರಕರದು ಎಂದು 2022ರ ನಿಯಮ ಹೇಳುತ್ತದೆ. ಮಾರಿದ ಅಂಗಡಿಯಲ್ಲಿ ಕೇಳಿರಿ.

ಮುಂದಿನ ವಾರ

ಮುಂದಿನ ಸಂತೆಗೆ ಅವ್ವ ತಾನೇ ಹೋದಳು. ಬ್ಯಾಟರಿ ಜೊತೆಗೆ ಒಯ್ದಳು. ಅಂಗಡಿಯವನು ಮತ್ತೆ 9900 ಕೊಟ್ಟ.

"ಇದು ಬ್ಯಾಡಪ್ಪ. 18650 ಕೊಡು. 3.7 ವೋಲ್ಟ್ ಇರ್ಬೇಕು. ಮೂರು ಸಾವಿರದ ಆಸುಪಾಸು ಹಿಡೀಬೇಕು. ಬಿಐಎಸ್ ಗುರುತು ತೋರ್ಸು."

ಪಕ್ಕದ ಕಿರಾಣಿ ಅಂಗಡಿಯಲ್ಲಿ ತೂಕಕ್ಕೆ ಇಟ್ಟಳು. 47 ಗ್ರಾಂ ಬಂತು. ಬ್ಯಾಟರಿಗೆ ಹಾಕಿದಳು, ಮುಚ್ಚಳ ತಿರುಗಿಸಿದಳು. ಬೆಳಕು ಬಂತು. ಆಮೇಲೆ ದುಡ್ಡು ಕೊಟ್ಟಳು. ರಸೀದಿ ಕೇಳಿ ಪಡೆದಳು.

ಆ ರಾತ್ರಿ ಕರೆಂಟ್ ಬಂದಿದ್ದು ಮೂರು ಗಂಟೆಗೆ. ಯಜಮಾನರು ಬ್ಯಾಟರಿ ಹಿಡಿದು ಹೊರಟರು. ಅವ್ವ ಬಾಗಿಲಲ್ಲಿ ನಿಂತಳು. ಬದುವಿನ ಮೇಲೆ ಬೆಳಕು ದೂರ ದೂರ ಹೋಯಿತು. ಬಾವಿಯ ತನಕ ಆರಲಿಲ್ಲ. ಮೋಟಾರಿನ ಸದ್ದು ಕೇಳಿದ ಮೇಲೆ ಅವ್ವ ಒಳಗೆ ಬಂದು ಮಲಗಿದಳು.

ನೆನಪಿಡಿ

ಮೊದಲು ಅಳತೆ. ಆಮೇಲೆ ವೋಲ್ಟ್. ಆಮೇಲೆ ಎಂಎಎಚ್. ಕೊನೆಗೆ ತೂಕ ಮತ್ತು ಗುರುತು.

ಉತ್ತರ ಹೇಳಿ

1. 26650 ಸೆಲ್ಲಿನ ದಪ್ಪ ಎಷ್ಟು? ಉದ್ದ ಎಷ್ಟು?
2. ಅವ್ವ ತರಿಸಿದ ಎರಡನೆಯ ಸೆಲ್ಲು ಬ್ಯಾಟರಿಯೊಳಗೆ ಯಾಕೆ ಹೋಗಲಿಲ್ಲ?
3. ಗಡಿಯಾರಕ್ಕೆ 14500 ಲಿಥಿಯಂ ಸೆಲ್ಲು ಯಾಕೆ ಹಾಕಬಾರದು?
4. ಸೆಲ್ಲು 2000 ಎಂಎಎಚ್ ಹಿಡಿಯುತ್ತದೆ. ಬ್ಯಾಟರಿ ತಾಸಿಗೆ 500 ಬಳಸುತ್ತದೆ. ಎಷ್ಟು ತಾಸು ಬೆಳಕು ಬರುತ್ತದೆ?

ಮಾಡಿ ನೋಡಿ

ನಿಮ್ಮ ಮನೆಯ ಬ್ಯಾಟರಿಯ ಸೆಲ್ಲು ತೆಗೆಯಿರಿ. ಮೇಲಿನ ಅಂಕಿಗಳನ್ನು ನಿಮ್ಮ ಪುಸ್ತಕದಲ್ಲಿ ಬರೆಯಿರಿ. ಅಳತೆಪಟ್ಟಿಯಿಂದ ಅಳೆಯಿರಿ. ಬರೆದದ್ದೂ ಅಳೆದದ್ದೂ ಒಂದೇ ಬಂತೇ? ನಾಳೆ ತರಗತಿಯಲ್ಲಿ ಓದಿ ಹೇಳಿ.